ಋಣ ನಾಲ್ಕು ಮಿಲಿಮೀಟರ್

ಅನುದಾನ ತಡವಾಗಿ
ಡಿಸೆಂಬರಿನ ಅಳತೆ ಏಪ್ರಿಲಿಗೆ ಬಿತ್ತು.
ಜೋಗಿಮಟ್ಟಿಯ ಇಳಿಜಾರಿನಲ್ಲಿ, ಗುಡ್ಡದ ಗಾಳಿಯಂತ್ರಗಳೂ
ತೂಕಡಿಸುತ್ತಿದ್ದ ಬೆಳಿಗ್ಗೆ,
ಡಬ್ಬಿಯಲ್ಲಿ ಮಂಡಕ್ಕಿ, ನಿನ್ನೆಯ ಮೆಣಸಿನಕಾಯಿ,
ಚೀಲದಲ್ಲಿ ಟೇಪು, ಕೆಂಪು ಪೇಂಟು, ಸೀಸದಕಡ್ಡಿ ಎರಡು
(ಪೆನ್ನಿನಕ್ಷರ ಬೆವರಿಗೆ ಕದಡುತ್ತದೆ),
ನಾನು, ಮುಬೀನ.

ಎದೆಮಟ್ಟದ ಸುತ್ತಳತೆ ಅನ್ನುತ್ತದೆ ಪಠ್ಯ:
ನೆಲದಿಂದ ಒಂದು ಮೀಟರು ಮೂವತ್ತೇಳು.
ಯಾರ ಎದೆ? ನನಗದು ಗದ್ದಕ್ಕೆ ಬರುತ್ತದೆ.
ಯಾವನೋ ಎತ್ತರದ ದೊರೆ, ಯಾವುದೋ ತಣ್ಣನೆ ಕಾಡಿನಲ್ಲಿ
ಮರಕ್ಕೆ ಎದೆಯೊಡ್ಡಿ ಹೇಳಿರಬೇಕು: ಇಲ್ಲಿ.
ನಾವೂ ಇಲ್ಲೇ ಸುತ್ತುತ್ತೇವೆ.

ಹದಿನಾಲ್ಕನೇ ಪ್ಲಾಟು. ಮಶವಾಳ ಆರು, ಕಗ್ಗಲಿ ಹನ್ನೊಂದು,
ತೂಪರ ಒಂದು, ಸತ್ತಿದೆ;
ಹೋದ ವರ್ಷ 'ಅನುಮಾನ' ಎಂದು ಬರೆದಿದ್ದೆವು.
ಕರಡಿ ಕೆದಕಿದ ಹುತ್ತ ಷರಾದಲ್ಲಿ.
ಆಮೇಲೆ ಇನ್ನೂರ ಹದಿನೆಂಟು,
ಕಮರ.
ಗೊರಸಿನ ಹಾಗೆ ಸೀಳಿದ ಜೋಡಿ ಎಲೆ,
ಹೊಸತು, ಕರುವಿನ ನಾಲಿಗೆಯ ಬಣ್ಣ.
ಏಳು ವರ್ಷದ ಹಿಂದೆ ಹೊಡೆದ ಬಿಲ್ಲೆಯನ್ನು
ತೊಗಟೆ ಮೆಲ್ಲಗೆ ಬಾಯೊಳಗೆ ಎಳೆದುಕೊಳ್ಳುತ್ತಿದೆ.
ಇನ್ನೂರು ನುಂಗಿಯಾಗಿದೆ,
ಹದಿನೆಂಟು ಉಳಿದಿದೆ.

ಮುಬೀನ ಓದಿದಳು. ನಾನು ಬರೆಯಲಿಲ್ಲ.
ಇನ್ನೊಮ್ಮೆ ಓದು ಅಂದೆ. ಓದಿದಳು.
ಹೋದ ಸಲಕ್ಕಿಂತ ನಾಲ್ಕು ಮಿಲಿಮೀಟರ್ ಕಮ್ಮಿ.

ವಿಭಾಗದ ಕಂಪ್ಯೂಟರು ಆ ಒಂದು ಮನೆಯನ್ನು ಕೆಂಪು ಮಾಡಿತು.
ಗೈಡು ಕನ್ನಡಕ ತೆಗೆದರು:
"ಮರ ಬೆಳೆಯುತ್ತೆ, ಇಲ್ಲಾ ಸಾಯುತ್ತೆ.
ಸವೆಯೋಕೆ ಅದೇನು ಸೋಪಾ?
ಟೇಪು ಜಗ್ಗಿ ಹಿಡಿದಿದ್ದೀರಿ. ಅಳಿಸಿ, ಹಳೇದೇ ಹಾಕಿ."

ಅಳಿಸದೆ, ರಬ್ಬರು ಜೇಬಿನಲ್ಲಿಟ್ಟುಕೊಂಡು
ಮತ್ತೆ ಗುಡ್ಡ ಹತ್ತಿದೆವು.
ವಾಚರ್ ಸೂರಪಾಲಯ್ಯನ ಬೀಡಿ
ಬೇಸಿಗೆ ಮುಗಿಯುವ ತನಕ ಕಿವಿಯ ಮೇಲೇ ಇರುತ್ತದೆ.
ನಮ್ಮ ಪುಸ್ತಕ ತಲೆಕೆಳಗಾಗಿ ಹಿಡಿದು ನೋಡಿ, ಕೊಟ್ಟ:
"ಆವಾಗ ಉಂಡು ಕುಂತಿತ್ತು, ಅಳದ್ರಿ.
ಈಗ ಉಪಾಸ ಐತೆ. ಹೊಟ್ಟೆ ಬೆನ್ನಿಗೆ ಹತ್ತದೆ ಇನ್ನೇನು ಕಣವ್ವ?
ಬೆಳ್ಳಿ ಮೂಡೋ ಹೊತ್ತಿಗೆ ಬಂದು ನೋಡ್ರಿ,
ಒಂಚೂರು ಉಸಿರು ತಗಂಡಿರ್ತದೆ."

ಸಂತೆಪೇಟೆಯಲ್ಲಿ ತಗಡಿನ ಪಟ್ಟಿ ಕತ್ತರಿಸಿಕೊಂಡು
ಗುಜರಿಯ ಸ್ಪ್ರಿಂಗು ಸಿಕ್ಕಿಸಿ
ಮರಕ್ಕೊಂದು ಉಡಿದಾರ ಕಟ್ಟಿದೆವು.
ಹಗಲು ಸಡಿಲ. ಇರುಳು ಬಿಗಿ.
ನಡುವೆ ಒಂದು ಕೂದಲೆಳೆ,
ಅಷ್ಟೇ.

ಮೂರನೇ ರಾತ್ರಿ ಗೈಡೇ ಬಂದರು, ಟೊಪ್ಪಿಗೆ, ಟಾರ್ಚು, ಭೂತಗನ್ನಡಿ.
ಬಾಗಿ ನೋಡಿದರು. ಗಡಿಯಾರ ನೋಡಿದರು. ಮತ್ತೆ ಬಾಗಿದರು.
ಬಹಳ ಹೊತ್ತಿನ ಮೇಲೆ ಕೇಳಿದ್ದು
ಮಂಡಕ್ಕಿ ಉಳಿದಿದೆಯಾ ಅಂತ.

ಜೂನಿನ ಎರಡು ಮಳೆಗೆ
ನಾಲ್ಕೂ ತಿರುಗಿ ಬಂತು, ಮೇಲೊಂದು.

ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಮೈನಸ್ ಅನ್ನುತ್ತಿರಲಿಲ್ಲ,
ಋಣ ನಾಲ್ಕು, ಋಣ ಏಳು ಅನ್ನುತ್ತಿದ್ದರು. ನಗುತ್ತಿದ್ದೆವು.
ಹಸು ಕೊಟ್ಟ ದಿನ ಅಜ್ಜಿಯೂ ಅದೇ ಪದ ಆಡಿದ್ದಳು,
ಹಗ್ಗ ಸುತ್ತಿ ಗೂಟಕ್ಕೆ ಹಾಕುತ್ತಾ:
ಇಷ್ಟು ದಿನದ್ದು ಋಣ.
ಕಮರ ತನ್ನ ಮೈಯಿಂದ ತೆಗೆದ ಆ ನಾಲ್ಕನ್ನು
ಯಾವ ಎಲೆಗೆ ಕೊಟ್ಟಿತು, ಯಾವ ಬಿಸಿಲಿಗೆ ಕಟ್ಟಿತು,
ಕೋಷ್ಟಕದಲ್ಲಿ ಅದಕ್ಕೆ ಅಂಕಣವಿಲ್ಲ.

ಮೌಖಿಕ ಪರೀಕ್ಷೆಯ ದಿನ
ಹೊರಗಿನಿಂದ ಬಂದ ಪರೀಕ್ಷಕರು
ನೂರ ಆರನೇ ಪುಟದಲ್ಲಿ ನಿಂತರು.
ನಾಲ್ಕರ ಎಡಕ್ಕಿದ್ದ ಸಣ್ಣ ಗೆರೆಯನ್ನು
ಊದಿದರು. ಉಗುರಿನಿಂದ ಮೆಲ್ಲಗೆ ಕೆರೆದರು.
ತಲೆ ಎತ್ತಿ, "ಇದು ಧೂಳಲ್ಲ ತಾನೇ?" ಅಂದರು.

ಮುಬೀನ ನನ್ನತ್ತ ನೋಡಿದಳು.
ಗೈಡು ಕಿಟಕಿಯತ್ತ.